ಮಂಕಾದದ್ದು ಚುಕ್ಕಿಯಲ್ಲ

ನಾನು ಒಂದು ಕಣ್ಣು. ರೆಪ್ಪೆಯಿಲ್ಲ, ಹುಬ್ಬಿಲ್ಲ, ಅಳುವುದಕ್ಕೆ ನೀರೂ ಇಲ್ಲ. ಅಂಚೆಚೀಟಿಗಿಂತ ತುಸು ದೊಡ್ಡದಾದ ಕಪ್ಪು ಬಿಲ್ಲೆ, ಅಷ್ಟೆ. ದೂರದರ್ಶಕದ ಹಿಂದೆ ಒಂದು ಉಕ್ಕಿನ ಡಬ್ಬಿಯಲ್ಲಿ ನನ್ನನ್ನು ಕೂಡಿಹಾಕಿ, ನಿಮ್ಮ ಕಣ್ಣಿಗೆ ಬೀಳದ ಬೆಳಕನ್ನು ನೋಡುತ್ತ ಬಿದ್ದಿರು ಎಂದರು. ಕೆಂಪಿನಿಂದಾಚೆಗೂ ಒಂದು ಬೆಳಕಿದೆ. ನಿಮಗದು ಕಾಣದು, ಬಿಸಿಯೆಂದು ಮೈಗೆ ತಿಳಿಯುತ್ತದೆ. ಓದಿದವರು ಅದನ್ನು ಅವಕೆಂಪು ಎನ್ನುತ್ತಾರೆ. ಅದನ್ನು ಹಿಡಿಯುವ ಸಂವೇದಕ ನಾನು.

ಹುಟ್ಟಿದ್ದು ಹೊರದೇಶದಲ್ಲಿ, ಧೂಳಿನ ಕಣವೂ ಇಲ್ಲದ ಕೋಣೆಯಲ್ಲಿ. ಅಲ್ಲಿ ಎಲ್ಲರೂ ಮೈತುಂಬ ಬಿಳಿ ಬಟ್ಟೆ ತೊಟ್ಟು ಮುಖ ಮುಚ್ಚಿಕೊಂಡಿದ್ದರು. ನನ್ನನ್ನು ಮಾಡಿದವರ ಮೂಗು ಚಪ್ಪಟೆಯೋ ಚೂಪೋ ನನಗೆ ಇವತ್ತಿಗೂ ತಿಳಿಯದು. ಮೇಲೆ ಪಾದರಸ ಬೆರೆತ ತೆಳ್ಳನೆಯ ಪದರ, ಕೆಳಗೆ ಸಿಲಿಕಾನಿನ ಪದರ, ಎರಡನ್ನೂ ಬೆಸೆಯುವುದಕ್ಕೆ ನಡುವೆ ಲಕ್ಷಾಂತರ ಮೆದುಲೋಹದ ಬೊಟ್ಟುಗಳು. ಒಂದೊಂದು ಬೊಟ್ಟಿನ ಮೇಲೂ ಒಂದೊಂದು ಪುಟ್ಟ ಕೊಡವಿದೆ ಅಂದುಕೊಳ್ಳಿ. ಬೆಳಕು ಬಿದ್ದಂತೆಲ್ಲ ಕೊಡ ತುಂಬುತ್ತದೆ. ಎಷ್ಟು ತುಂಬಿತು ಎಂದು ಒಪ್ಪಿಸಿ, ಚೆಲ್ಲಿ, ಮತ್ತೆ ತುಂಬಿಸಿಕೊಳ್ಳುವುದೇ ನನ್ನ ಕೆಲಸ. ನನ್ನ ನಡುಭಾಗದಲ್ಲಿ ಕೆಲವು ಕೊಡಗಳು ಹುಟ್ಟುವಾಗಲೇ ಒಡೆದಿದ್ದವು. ಅದನ್ನು ಕಂಡು ಅಲ್ಲಿಯವರು ನನ್ನನ್ನು ಎರಡನೆಯ ದರ್ಜೆಗೆ ಸೇರಿಸಿದರು. ನಮ್ಮ ಸಂಸ್ಥೆಯವರು ಎರಡನೆಯ ದರ್ಜೆಯದನ್ನೇ ಕೊಂಡು ತಂದರು. ನನಗೇನೂ ಬೇಜಾರಿಲ್ಲ. ಬೇಜಾರಿದ್ದರೂ ಕೇಳುವವರು ಯಾರು?

ಬಂದು ಸೇರಿದ್ದು ಮೊಳಕಾಲ್ಮೂರಿನಿಂದಾಚೆ ಬೋರೆಗಲ್ಲು ಎಂಬ ಗುಡ್ಡಕ್ಕೆ. ಒಣಗಾಳಿಯ ಬೋಳು ಗುಡ್ಡ, ತುದಿಯಲ್ಲಿ ಬಿಳಿ ಗುಮ್ಮಟ, ಗುಮ್ಮಟದೊಳಗೆ ದೂರದರ್ಶಕ. ಇದೆಲ್ಲ ನಾನು ಮಾತಿನಲ್ಲಿ ಕೇಳಿ ತಿಳಿದದ್ದು. ನನಗೆ ಕಿವಿ ಎಲ್ಲಿಂದ ಬಂತೆಂದು ಕೊಂಕು ತೆಗೆಯಬೇಡಿ, ಡಬ್ಬಿಯ ಗೋಡೆಗೆ ತಾಗಿದ ಮಾತು ನನಗೂ ತಾಗುತ್ತದೆ. ಬಂದ ದಿನವೇ ನನ್ನನ್ನು ಡಬ್ಬಿಯ ಒಳಗೆ ತಿರುಪು ಹಾಕಿ ಬಿಗಿದರು. ಪಂಪು ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದರು. ನನ್ನ ಬೆನ್ನಿಗೆ ಅಂಟಿದ ತೊಟ್ಟಿಗೆ ದ್ರವ ನೈಟ್ರೋಜನ್ ಸುರಿದರು. ಅಯ್ಯಯ್ಯೋ, ಆ ಚಳಿ! ಮಂಜುಗಡ್ಡೆಯನ್ನು ತಂದು ಪಕ್ಕದಲ್ಲಿಟ್ಟಿದ್ದರೆ ಬೆಂಕಿ ಕಾಯಿಸಿದಂತೆ ಆಗುತ್ತಿತ್ತೇನೋ. ಬೆಚ್ಚಗಿರುವುದೆಲ್ಲ ನನ್ನ ಕಣ್ಣಿಗೆ ಹೊಳೆಯುತ್ತದೆ. ನನ್ನ ಮೈಯೇ ಬೆಚ್ಚಗಿದ್ದರೆ ನನ್ನ ಬೆಳಕೇ ನನಗೆ ಅಡ್ಡ. ಅದಕ್ಕೇ ಈ ಶಿಕ್ಷೆ. ಗಾಳಿಯಿಲ್ಲ, ಬಿಸಿಯಿಲ್ಲ, ಪಕ್ಕಕ್ಕೆ ಹೊರಳುವ ಹಾಗಿಲ್ಲ. ಮುಂದೆ ಬಟ್ಟಲಿನಗಲದ ಒಂದು ಗಾಜಿನ ಕಿಟಕಿ. ಆ ಕಿಟಕಿಗೆ ಏನು ತಂದು ತೋರಿಸಿದರೆ ಅದನ್ನು ನೋಡಬೇಕು.

ಮೊದಲು ತೋರಿಸಿದ್ದು ಒಂದು ಅಂಗೈಯನ್ನು. ನಾನು ಬದುಕಿದ್ದೇನೋ ಸತ್ತಿದ್ದೇನೋ ಎಂದು ನೋಡುವುದಕ್ಕೆ ಕಿಟಕಿಗೆ ಕೈ ಅಡ್ಡ ಹಿಡಿಯುವುದು ಇವರ ರೂಢಿ. ಬಿಸಿಯಾದ ಐದು ಬೆರಳು ನನ್ನೆದುರು ದಗದಗ ಹೊಳೆದವು. ಹೊರಗೆ ಒಂದು ಹೆಣ್ಣುದನಿ ಕುಣಿದಾಡಿತು.

"ಕಾಣಾಕತ್ತೈತ್ರಿ! ಓಬಳೇಶಪ್ಪ, ಬಾ ಇಲ್ಲೆ, ನನ್ನ ಕೈ ನೋಡ್ಬಾ!"

ಅವರೇ ನೀಲಾಂಬಿಕಾ ಅಂಗಡಿ. ಗದಗಿನ ಕಡೆಯವರು, ಖಗೋಳ ವಿಜ್ಞಾನಿ, ನನ್ನ ಒಡತಿ. ಓಬಳೇಶಪ್ಪ ನನಗೆ ನೈಟ್ರೋಜನ್ ಸುರಿಯುವ ಆಸಾಮಿ, ಗುಡ್ಡದ ಕೆಳಗಿನ ಹಳ್ಳಿಯವನು. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಸುರಿದು, ಡಬ್ಬಿಗೊಂದು ಪೆಟ್ಟು ಕೊಟ್ಟು, "ಹೆಂಗಿದೀಯಪ್ಪ?" ಎಂದು ಕೇಳಿ ಹೋಗುತ್ತಿದ್ದ. ಹಾಗೆ ಕೇಳುತ್ತಿದ್ದವನು ಅವನೊಬ್ಬನೇ.

ನೀಲಾಂಬಿಕಾ ಮೇಡಂಗೆ ಒಂದು ನಕ್ಷತ್ರದ ಹುಚ್ಚು. ಮೈಸುತ್ತ ದಟ್ಟ ಧೂಳು ಹೊದ್ದು ಕುಳಿತ ಮುದಿ ನಕ್ಷತ್ರ ಅದು. ಮಾಮೂಲಿ ಬೆಳಕಿನಲ್ಲಿ ನೋಡಿದರೆ ಆ ಜಾಗದಲ್ಲಿ ಏನೂ ಇಲ್ಲ, ನನ್ನಂಥವರ ಕಣ್ಣಿಗೆ ಮಾತ್ರ ಅದು ದೀಪ. ಮೇಡಂ ಅದಕ್ಕೆ ಮುಸುಕಿನಾಕಿ ಎಂದು ಹೆಸರಿಟ್ಟಿದ್ದರು. ಹುಣ್ಣಿಮೆಯ ಆಚೀಚಿನ ದಿನಗಳಲ್ಲಿ ದೂರದರ್ಶಕ ನಮ್ಮ ಪಾಲಿಗೆ ಬರುತ್ತಿತ್ತು. ಬೆಳದಿಂಗಳು ಉಳಿದವರಿಗೆ ತೊಂದರೆ, ನನಗೆ ಅದರ ಗೊಡವೆ ಕಡಿಮೆ. ಬಂದ ಕೂಡಲೇ ಮೊದಲ ಕೆಲಸ ಮುಸುಕಿನಾಕಿಯನ್ನು ಅಳೆಯುವುದು. ನಡುಭಾಗದಲ್ಲಿ ಒಡೆದ ಕೊಡಗಳಿದ್ದವಲ್ಲ, ಅದಕ್ಕೆ ಮೇಡಂ ನನ್ನ ಮೇಲಿನ ಬಲಮೂಲೆಯನ್ನು ಆರಿಸಿಕೊಂಡರು. ಅಲ್ಲಿ ಒಂದು ಕೊಡಕ್ಕೂ ಕುಂದಿರಲಿಲ್ಲ. ಆವತ್ತಿನಿಂದ ಆ ನಕ್ಷತ್ರಕ್ಕೆ ಅದೇ ಮೂಲೆ. ಪಕ್ಕದಲ್ಲಿ ಹೋಲಿಸಿ ನೋಡುವುದಕ್ಕೆಂದು ಒಂದು ಮಂದವಾದ, ಎಂದೂ ಬದಲಾಗದ ನಕ್ಷತ್ರವನ್ನೂ ಇಟ್ಟುಕೊಂಡರು. "ಆಕೀ ಜಾಗಾದಾಗ ಬ್ಯಾರೆ ಯಾರ್ನೂ ಕೂಡಸಬ್ಯಾಡ್ರಿ" ಎಂದು ಎಲ್ಲರಿಗೂ ತಾಕೀತು ಮಾಡಿದ್ದರು.

ಅಮಾವಾಸ್ಯೆಯ ಸುತ್ತಿನ ದಿನಗಳಲ್ಲಿ ನನಗೆ ಕೆಲಸವಿರಲಿಲ್ಲ. ಆ ಕಡೆ ಅಮಾವಾಸ್ಯೆ ಬಂತೆಂದರೆ ಲಾರಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಎಲ್ಲಕ್ಕೂ ಪೂಜೆ. ಓಬಳೇಶಪ್ಪನೂ ನನ್ನ ಡಬ್ಬಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ನಿಂಬೆಹಣ್ಣು ಇಳಿ ತೆಗೆಯುತ್ತಿದ್ದ. ಮೊದಲ ವರ್ಷವೇ ಒಂದು ಅಮಾವಾಸ್ಯೆಯ ದಿನ ಅವನು ಕೈ ತಡೆದು ನಿಂತ.

"ಮೇಡಮ್ಮೋರೆ, ಇವತ್ತು ಇದಕ್ಕೆ ನೈಟ್ರೋಜನ್ ಬ್ಯಾಡ ಬಿಡ್ರಿ. ಪಾಪ, ತಿಂಗ್ಳೆಲ್ಲಾ ಆ ಚಳ್ಯಾಗೆ ಬಿದ್ದಿರ್ತೈತೆ. ಪೂಜೆ ಆದ ಮಿಷಿನ್ನು ಒಂದಿನ ಸುಮ್ಕೆ ಬೆಚ್ಚಗಿರ್ಲಿ."

ಮೇಡಂ ನಕ್ಕರು. ಹೇಗೂ ಆ ವಾರ ನನಗೆ ಕೆಲಸವಿಲ್ಲ, ನೈಟ್ರೋಜನ್ನೂ ಉಳಿಯುತ್ತದೆ. "ಆತ್ ಬಿಡು. ಅದಕ್ಕೂ ಒಂದು ಸೂಟಿ ಕೊಡೂಣು" ಎಂದರು. ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೂ ನನಗೆ ರಜೆ.

ಅವರ ಪ್ರೀತಿಗೆ ನಾನು ಏನೆನ್ನಲಿ! ಮೈ ಬಿಸಿಯಾದಾಗ ನನ್ನ ಮೇಲಿನ ಪದರ ಒಂದಳತೆಗೆ ಹಿಗ್ಗುತ್ತದೆ, ಕೆಳಗಿನದು ಇನ್ನೊಂದಳತೆಗೆ. ರಜೆ ಮುಗಿದು ಮತ್ತೆ ತಣ್ಣಗಾದಾಗ ಕುಗ್ಗುವುದೂ ಹಾಗೆಯೇ. ನಡುವಿನ ಬೊಟ್ಟುಗಳಿಗೆ ಆ ಎಳೆದಾಟ ಸಾಕಾಗಿಹೋಯಿತು. ಅಂಚಿನಲ್ಲಿ ಎಳೆತ ಹೆಚ್ಚು, ಮೂಲೆಯಲ್ಲಿ ಇನ್ನೂ ಹೆಚ್ಚು. ತಿಂಗಳಿಗೊಮ್ಮೆಯ ಆ ಮುದ್ದಿನಿಂದ ನನ್ನ ಬಲಮೂಲೆಯ ಬೊಟ್ಟುಗಳು ಒಂದೊಂದಾಗಿ ಸಡಿಲವಾದವು. ಕೊಡಗಳು ಒಡೆದಿದ್ದರೆ ಚೆನ್ನಾಗಿತ್ತು, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅವು ಕುತ್ತಿಗೆಯ ಹತ್ತಿರ ಸೋರತೊಡಗಿದವು.

ಮೇಡಂ ನನ್ನನ್ನು ಪರೀಕ್ಷೆ ಮಾಡದೆ ಎಂದೂ ಕೆಲಸಕ್ಕೆ ಹಚ್ಚಿದವರಲ್ಲ. ಪ್ರತಿ ಸಂಜೆ ಬೋಳು ಆಕಾಶವನ್ನು ತೋರಿಸಿ, ಎಲ್ಲ ಕೊಡಗಳೂ ಒಂದೇ ಸಮ ತುಂಬುತ್ತವೆಯೇ ಎಂದು ನೋಡುತ್ತಿದ್ದರು. ಆದರೆ ಆ ಮಂದ ಬೆಳಕಿನಲ್ಲಿ ಕೊಡ ಅರ್ಧವೂ ತುಂಬುತ್ತಿರಲಿಲ್ಲ. ಅರ್ಧ ಕೊಡ ಕುತ್ತಿಗೆಯಲ್ಲಿ ಹೇಗೆ ಸೋರೀತು? ಪರೀಕ್ಷೆಯಲ್ಲಿ ನಾನು ಪಾಸು. ಹೋಲಿಕೆಯ ಮಂದ ನಕ್ಷತ್ರದಲ್ಲೂ ಪಾಸು. ಮುಸುಕಿನಾಕಿ ಬಂದು ಕೊಡಗಳನ್ನು ಕಂಠದವರೆಗೆ ತುಂಬಿದಾಗ ಮಾತ್ರ ಮೇಲಿನ ಒಂದಿಷ್ಟು ಸೋರಿಹೋಗುತ್ತಿತ್ತು. ಉಳಿದದ್ದನ್ನು ನಾನು ಒಪ್ಪಿಸುತ್ತಿದ್ದೆ. ಎಷ್ಟು ಸೋರಿತೆಂದು ಹೇಳುವುದಕ್ಕೆ ನನಗೆ ಬಾಯಿಯೇ ಇಲ್ಲವಲ್ಲ.

ಮೂರನೆಯ ವರ್ಷ ಮೇಡಂ ಒಂದು ದಿನ ಡಬ್ಬಿಯ ಪಕ್ಕದಲ್ಲೇ ನಿಂತು ತಮ್ಮಷ್ಟಕ್ಕೆ ಹೇಳಿಕೊಂಡರು: "ಯಾಕವ್ವಾ, ಸಣ್ಣಗಾಗಾಕತ್ತೀಯಲ್ಲ?"

ನಾನು ಒಳಗೇ ಕೂಗಿಕೊಂಡೆ. ಅವಳಲ್ಲ ತಾಯಿ, ನಾನು! ಅವಳು ಹೇಗಿದ್ದಳೋ ಹಾಗೇ ಇದ್ದಾಳೆ! ಒಂದೇ ಒಂದು ಸಲ ಅವಳನ್ನು ಆಚೆ ಮೂಲೆಗೆ ಕೂರಿಸಿ ನೋಡಿ! ಕೂಗು ಹೋಗುವುದಾದರೂ ಎಲ್ಲಿಗೆ? ಸುತ್ತ ಗಾಳಿಯಿಲ್ಲ, ಅದರಾಚೆ ಉಕ್ಕು. ಹೊರಗೆ ಹೋಗುತ್ತಿದ್ದದ್ದು ಒಂದೇ, ಕೊಡದಲ್ಲಿ ಉಳಿದದ್ದರ ಅಳತೆ. ಆ ಅಳತೆಯನ್ನೇ ಅವರು ನಂಬಿದರು. ನಂಬದೆ ಇನ್ನೇನು ಮಾಡಿಯಾರು?

ವರ್ಷದಿಂದ ವರ್ಷಕ್ಕೆ ಅವಳ ಬೆಳಕಿನ ಅಳತೆ ಗುರುತಿಸಿದ ನಕ್ಷೆಯ ಗೆರೆ ಇಳಿಯಿತು. ಮುದಿ ನಕ್ಷತ್ರ ನಮ್ಮ ಕಣ್ಣೆದುರೇ ಆರುತ್ತಿದೆ, ಸಾಯುತ್ತಿರುವ ನಕ್ಷತ್ರವನ್ನು ಇಷ್ಟು ವರ್ಷ ಬಿಡದೆ ಹಿಂಬಾಲಿಸಿದವರು ಇನ್ನೊಬ್ಬರಿಲ್ಲ ಎಂದು ಮೇಡಂ ಪ್ರಬಂಧ ಬರೆದರು. ಆಮೇಲೆ ಇನ್ನೊಂದು, ಮತ್ತೊಂದು. ದೇಶವಿದೇಶದಿಂದ ಕರೆ ಬಂತು. ಅವರಿಗೆ ಮದುವೆಯಿರಲಿಲ್ಲ, ಮನೆಯೆಂದರೆ ಗುಡ್ಡದ ಮೇಲಿನ ಕ್ವಾರ್ಟರ್ಸೇ. ಗದಗಿನಿಂದ ಅಕ್ಕ ಕಟ್ಟಿ ಕಳಿಸಿದ ಕಟಕ್ ರೊಟ್ಟಿಯನ್ನು ಗುಮ್ಮಟದಲ್ಲೇ ಕುಳಿತು ಕುರುಕುತ್ತ, ಸಾಯುತ್ತಿರುವವಳ ಬಗ್ಗೆ ಓಬಳೇಶಪ್ಪನಿಗೆ ಹೇಳುತ್ತಿದ್ದರು. ಒಮ್ಮೊಮ್ಮೆ ದನಿ ಒದ್ದೆಯಾಗುತ್ತಿತ್ತು. "ಆಕಿ ಹೋಗೂದ್ರಾಗ ನಾ ರಿಟೈರ್ ಆಗಬಾರದು ನೋಡು" ಎನ್ನುತ್ತಿದ್ದರು. ಬಂದಿಖಾನೆಯಲ್ಲಿ ಇರುವುದನ್ನು ಹೇಗೋ ತಡೆಯಬಹುದು. ನನ್ನಿಂದಾಗಿ ಇನ್ನೊಬ್ಬರು ಸುಳ್ಳಿನಲ್ಲಿ ಸಿಕ್ಕಿಬೀಳುವುದನ್ನು ಒಳಗೆ ಕುಳಿತು ಕೇಳಬೇಕಲ್ಲ, ಅದನ್ನು ತಡೆಯಲಾಗುತ್ತಿರಲಿಲ್ಲ.

ಆ ಪ್ರಬಂಧಗಳ ಬಲದ ಮೇಲೆಯೇ ದೊಡ್ಡ ಮಂಜೂರಾತಿ ಬಂತು. ನಕ್ಷತ್ರದ ಕೊನೆಗಾಲವನ್ನು ಇನ್ನೂ ಸ್ಪಷ್ಟವಾಗಿ ನೋಡಬೇಕು, ಅದಕ್ಕೆ ಹೊಸ ಸಂವೇದಕ ಬೇಕು ಎಂದು ಒಪ್ಪಿಕೊಂಡರು. ಯೋಜನೆಗೆ ಮೇಡಂ ಮುಖ್ಯಸ್ಥೆ. ಹೊಸ ಕಣ್ಣನ್ನು ಕೂರಿಸುವುದಕ್ಕೆ ಸುಧನ್ವ ಐತಾಳ ಎಂಬ ವಿಜ್ಞಾನಿ ಬಂದ. ಕುಂದಾಪುರದ ಕಡೆಯವನು, ಚುರುಕು, ಮಾತಿಗೆ ಮೊದಲು ನಗುವವನು. ಅವನು ತಂದ ಹೊಸ ಸಂವೇದಕದ ಮಡಿಲಲ್ಲಿ ನನ್ನಂಥವು ನಾಲ್ಕು ಕೂರಬಹುದಂತೆ. ಒಂದೂ ಒಡೆದ ಕೊಡವಿಲ್ಲವಂತೆ. ನೈಟ್ರೋಜನ್ ಬೇಡ, ವಿದ್ಯುತ್ತಿನಿಂದಲೇ ತಂಪಾಗಿರುತ್ತದಂತೆ. ಅಂತೆ, ಅಂತೆ! ಕೇಳಿ ಕೇಳಿ ನನಗೆ ತಲೆ ಚಿಟ್ಟುಹಿಡಿಯಿತು.

ಸಂಸ್ಥೆಯ ನಿರ್ದೇಶಕರು ಬೆಂಗಳೂರಿನಲ್ಲಿ ಕುಳಿತು ಲೋಕಾರ್ಪಣೆಯ ದಿನ ಗೊತ್ತುಮಾಡಿದರು. ಮಂತ್ರಿಗಳು ಬರುವವರಿದ್ದರು. ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿ ಮುಗಿಸಿ ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಸುಧನ್ವನಿಗೂ ಅದೇ ಸರಿ ಅನ್ನಿಸಿತು.

"ಇನ್ನು ಹಳೇದು ಎಂತಕ್ಕೆ ಮೇಡಂ? ಬಿಚ್ಚಿಬಿಡುವ."

"ಹಂಗ ಬಿಚ್ಚಾಕಾಗೂದಿಲ್ಲ" ಎಂದರು ಮೇಡಂ. "ಹಳೇ ಕಣ್ಣು, ಹೊಸಾ ಕಣ್ಣು ಎರಡೂ ಒಂದ ವಾರದಾಗ ಆಕೀನ್ನ ನೋಡಬೇಕು. ಇಲ್ಲಾಂದ್ರ ನನ್ನ ಹನ್ನೊಂದು ವರ್ಷದ ಗೆರಿಗೆ ನಿನ್ನ ಗೆರಿ ಹೆಂಗ ಕೂಡಸ್ತಿ?"

ಈ ಹೆಂಗಸು ತಮ್ಮ ಕತ್ತಿಗೆ ತಾವೇ ಹಗ್ಗ ಹಾಕಿಕೊಳ್ಳುತ್ತಿದ್ದಾರೆ! ಸುಮ್ಮನೆ ನನ್ನನ್ನು ಬಿಚ್ಚಿ ಎಸೆದಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಎರಡು ಗೆರೆ ಕೂಡದಿದ್ದರೆ ಉಪಕರಣ ಬೇರೆ ಎಂದು ಹೇಳಿ ಮುಂದೆ ಹೋಗಬಹುದಿತ್ತು. ಬೇಡ ಬಿಡಿ ಎಂದು ಕೂಗಿದೆ. ಇಷ್ಟು ವರ್ಷ ನೋಡಿ ನೋಡಿ ಎಂದು ಕೂಗಿದವನೂ ನಾನೇ. ಕೂಗಿದ್ದು ಎರಡು ಸಲವೂ ಒಳಗೇ ಉಳಿಯಿತು.

ಹೊಸ ಕಣ್ಣಿನ ಡಬ್ಬಿಯನ್ನು ನನ್ನ ಪಕ್ಕಕ್ಕೆ ಕಟ್ಟಿ, ನಡುವೆ ಒಂದು ಕನ್ನಡಿ ಇಟ್ಟರು. ಕನ್ನಡಿಯನ್ನು ತಿರುಗಿಸಿದಂತೆ ಬೆಳಕು ಒಮ್ಮೆ ನನಗೆ, ಒಮ್ಮೆ ಅದಕ್ಕೆ. ಕೆಳಗೆ ಮೇಜು ಹಾಕಿ ಮೂವರೂ ಅಲ್ಲೇ ಕುಳಿತರು. ಅವಕೆಂಪಿಗೆ ಸೂರ್ಯ ಮುಳುಗಿದರೆ ಸಾಕು, ಪೂರ್ತಿ ಕತ್ತಲಾಗುವವರೆಗೆ ಕಾಯಬೇಕಿಲ್ಲ. ಪಡುವಣ ಇನ್ನೂ ಕೆಂಪಗಿರುವಾಗಲೇ ಮುಸುಕಿನಾಕಿ ನನ್ನ ಬಲಮೂಲೆಗೆ ಬಂದಳು. ತುಂಬಿದಳು, ಸೋರಿತು, ಉಳಿದದ್ದನ್ನು ಒಪ್ಪಿಸಿದೆ. ಆಮೇಲೆ ಕನ್ನಡಿ ತಿರುಗಿತು.

ಕೆಳಗೆ ಯಾರೋ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇದೆಂತ ಮಾರಾಯ್ರೆ" ಎಂದ ಸುಧನ್ವ. "ನನ್ನದರಲ್ಲಿ ನಕ್ಷತ್ರ ಇಷ್ಟು ಪ್ರಕಾಶ ಬಂತಲ್ಲ? ನಿಮ್ಮ ಮೊದಲ ವರ್ಷದ ಅಳತೆ ಎಷ್ಟಿತ್ತೋ ಅಷ್ಟೇ ಉಂಟು!"

ಇನ್ನೊಮ್ಮೆ ನೋಡಿದರು. ಮರುದಿನ ಸಂಜೆ ಮತ್ತೆ ನೋಡಿದರು. ಅದೇ ಉತ್ತರ. ಸುಧನ್ವ ಒಳ್ಳೆಯ ಹುಡುಗ, ಮೇಡಂ ಮುಖ ನೋಡಲಾರದೆ ದಾರಿ ಹುಡುಕಿದ.

"ಎರಡು ಉಪಕರಣ ಅಂದಮೇಲೆ ವ್ಯತ್ಯಾಸ ಇರ್ತದೆ ಮೇಡಂ. ಒಂದು ತಿದ್ದುಪಡಿ ಸಂಖ್ಯೆಯಿಂದ ಗುಣಿಸಿದ್ರೆ ಗೆರೆ ಕೂಡೀತು. ಎಲ್ಲರೂ ಮಾಡುದು ಅದನ್ನೇ, ಯಾರೂ ಕೇಳುದಿಲ್ಲ."

"ಬಾಜೂಕಿನ ಚಿಕ್ಕಿ ಎರಡರಾಗೂ ಒಂದ ಅಳತಿ ಬಂದೈತಲ್ಲೋ" ಎಂದರು ಮೇಡಂ ಮೆಲ್ಲಗೆ. "ಅದಕ್ಕ ಬ್ಯಾಡಾದ ತಿದ್ದುಪಡಿ ಈಕಿಗಷ್ಟ ಯಾಕ ಬೇಕಾತು?"

ಮೇಡಂ ಆ ಅಳತೆಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಬೇಕೆಂದಿದ್ದರೆ ಆ ಸಂಖ್ಯೆಯನ್ನು ಗುಣಿಸಿ ಎದ್ದುಹೋಗಬಹುದಿತ್ತು. ಹೆಸರು, ಹುದ್ದೆ, ಸಾಯುವ ನಕ್ಷತ್ರ, ಎಲ್ಲವೂ ಉಳಿಯುತ್ತಿತ್ತು. ನಿಜ ಹೇಳುತ್ತೇನೆ, ಗುಣಿಸಿಬಿಡಲಿ ಎಂದು ನಾನು ಆಸೆಪಟ್ಟೆ. ಅವರು ಕುರ್ಚಿ ಹಿಂದೆ ಸರಿಸಿ ಎದ್ದರು.

"ಓಬಳೇಶಪ್ಪ, ಹಳೇದಕ್ಕ ಇನ್ನೊಂದೀಟು ನೈಟ್ರೋಜನ್ ಹಾಕು. ಸುಧನ್ವ, ಆಕೀನ್ನ ನಡಕ ತಂದು ಕೂಡಸು."

"ನಡುವೆ ಎಲ್ಲ ಸತ್ತ ಜಾಗ ಅಲ್ವಾ ಮೇಡಂ?"

"ಸತ್ತಿಲ್ಲದ ಜಾಗಾ ನೋಡಿ ಕೂಡಸು."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಜಾಗ ಬದಲಿಸಿದಳು. ಯಾರೂ ಲೆಕ್ಕಕ್ಕೆ ಇಡದ ನನ್ನ ನಡುಭಾಗಕ್ಕೆ, ಒಡಕಲುಗಳ ನಡುವಿನ ಗಟ್ಟಿ ಕೊಡಗಳಿಗೆ ಬಂದು ಬಿದ್ದಳು. ಕೊಡಗಳು ಕಂಠದವರೆಗೆ ತುಂಬಿದವು, ಒಂದು ಹನಿ ಸೋರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಒಪ್ಪಿಸಿದೆ. ಕೊನೆಗೂ ನನ್ನನ್ನು ಕೇಳಬೇಕಾದ ಮಾತನ್ನು ಕೇಳಿದ್ದರು. ಎಷ್ಟು ಹಗುರವಾಯಿತೆಂದರೆ, ಆ ಚಳಿಯಲ್ಲೂ ನಾನು ಕುಣಿಯಬೇಕೆಂದುಕೊಂಡೆ. ಮರುಗಳಿಗೆಯಲ್ಲೇ ಹೊರಗಿನಿಂದ ಉಸಿರು ಹಿಡಿದು ಬಿಟ್ಟ ಸದ್ದು ಬಂತು. ಕುಣಿಯುವ ಆಸೆ ಅಲ್ಲಿಗೇ ಸತ್ತಿತು.

"ಆಕಿ ಮಂಕಾಗಿಲ್ಲ" ಎಂದರು ಮೇಡಂ.

ಮರುದಿನ ಹಗಲೆಲ್ಲ ಸುಧನ್ವ ಪ್ರಕಾಶವಾದ ದೀಪವನ್ನು ತೋರಿಸಿ ನನ್ನ ಮೂಲೆಯನ್ನು ಕೊಡ ಕೊಡವಾಗಿ ತಪಾಸಣೆ ಮಾಡಿದ. ಸೋರುವ ಜಾಗ ಸಿಕ್ಕಿತು. ಮತ್ತೆ ಮತ್ತೆ ಬಿಸಿ ಮಾಡಿ ತಣಿಸಿದರೆ ಅಂಚಿನ ಬೆಸುಗೆ ಬಿಡುತ್ತದೆ, ಎಷ್ಟು ಸಲ ಬಿಸಿ ಮಾಡಿದ್ದೀರಿ ಎಂದು ಕೇಳಿದ. ಓಬಳೇಶಪ್ಪ ಹಣೆ ಚಚ್ಚಿಕೊಂಡ.

"ಅಯ್ಯೋ ಶಿವ್ನೆ, ಅಮಾಸೆ ಅಮಾಸೆಗೂ ನಾನೇ ಅಲ್ವೇನ್ರಿ! ಬೆಚ್ಚಗಿರ್ಲಿ ಅಂತ ನಾನೇ ಅಲ್ವಾ ಕೇಳಿದ್ದು! ಮೇಡಮ್ಮೋರೆ, ನಿಮ್ ಮನಿ ನಾನೇ ತೆಗೆದ್ನಲ್ಲ!"

"ಸುಮ್ಮನಿರು" ಎಂದರು ಮೇಡಂ. "ನೀ ಕೇಳ್ದಿ, ನಾ ಹೂಂ ಅಂದೆ. ಪ್ರೀತಿಲೇ ಮಾಡಿದ್ದು ಹೌದಿಲ್ಲೋ? ಅಳಬ್ಯಾಡ, ನಂಗೂ ಅಳು ಬರ್ತೈತಿ."

ಆಮೇಲೆ ಅಲ್ಲಿಂದಲೇ ನಿರ್ದೇಶಕರಿಗೆ ಫೋನು ಹಚ್ಚಿದರು. "ಸರ್, ಆ ನಕ್ಷತ್ರ ಮಂಕಾಗಿಲ್ಲ. ನಮ್ಮ ಸಂವೇದಕ ಕೆಟ್ಟಿತ್ತು. ನಾ ಪ್ರಬಂಧ ಎಲ್ಲಾ ವಾಪಸ್ ತಗೋತೀನಿ."

ಆ ಕಡೆಯ ದನಿ ಗುಮ್ಮಟದ ತುಂಬ ಕೇಳಿಸಿತು. "ತಲೆ ಸರಿ ಇದೆಯೇನ್ರೀ? ನಾಡಿದ್ದು ಮಂತ್ರಿಗಳು ಬರ್ತಾರೆ. ಸಮಾರಂಭ ಮುಗಿಯೋವರೆಗಾದ್ರೂ ಸುಮ್ಮನಿರೋಕೆ ಆಗಲ್ವಾ ನಿಮಗೆ?"

"ಹನ್ನೊಂದು ವರ್ಷ ತಿಳೀದ ಸುಳ್ಳು ಹೇಳೀನ್ರಿ ಸರ್. ತಿಳದು ಎರಡು ದಿನ ಹೇಳಾಕ ಆಗೂದಿಲ್ಲ."

ಸಮಾರಂಭ ನಡೆಯಿತು. ಮುಖ್ಯಸ್ಥರ ಕುರ್ಚಿಯಲ್ಲಿ ಸುಧನ್ವ ಕುಳಿತಿದ್ದನಂತೆ, ತಲೆ ಎತ್ತಲಿಲ್ಲವಂತೆ. ಸಾಯುವ ನಕ್ಷತ್ರದ ಮಾತನ್ನು ಯಾರೂ ಎತ್ತಲಿಲ್ಲವಂತೆ. ಪ್ರಬಂಧಗಳು ಹಿಂದಕ್ಕೆ ಬಂದವು. ದೂರದೂರದ ಊರುಗಳಲ್ಲಿ ಜನ ನಕ್ಕರೆಂದು ಓಬಳೇಶಪ್ಪ ಯಾರಿಗೋ ಹೇಳಿದ್ದು ಕೇಳಿದೆ. ಮೇಡಂ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅವರಿಗೆ ಗುಮ್ಮಟದ ಕೆಳಗಿನ ಉಗ್ರಾಣದಲ್ಲಿ ಒಂದು ಮೇಜು ಕೊಟ್ಟರು.

ನನ್ನನ್ನೂ ಬಿಚ್ಚಿದರು. ಹೊರಗೆ ಬರುವ ದಿನ ಹೇಗಿರುತ್ತದೋ ಎಂದು ಅಷ್ಟು ವರ್ಷ ಕನಸು ಕಂಡಿದ್ದೆ. ಬಂದು ನೋಡಿದರೆ ಏನೂ ಇಲ್ಲ. ಮೈ ಬೆಚ್ಚಗಾಗುತ್ತಲೇ ನನ್ನ ಬೆಳಕೇ ನನ್ನನ್ನು ಕವಿಯಿತು. ಈಗ ನಾನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಡಬ್ಬಿ ಅದೇ ಉಗ್ರಾಣದ ಕಪಾಟಿನಲ್ಲಿ. ಸರ್ಕಾರದ ಸ್ವತ್ತಂತೆ, ಎಸೆಯುವ ಹಾಗೂ ಇಲ್ಲ, ಯಾರಿಗೂ ಕೊಡುವ ಹಾಗೂ ಇಲ್ಲ. ಕಣ್ಣು ತೆರೆದೇ ಇದೆ, ಕಾಣುವುದು ನನ್ನದೇ ಕಾವು. ಮೊದಲಿನ ಸೆರೆಯಲ್ಲಿ ಒಂದು ಕಿಟಕಿಯಾದರೂ ಇತ್ತು.

ಮೇಡಂ ಪ್ರತಿದಿನ ಬಂದು ಆ ಮೇಜಿಗೆ ಕೂರುತ್ತಾರೆ. ಮೊದಲ ಕೆಲವು ತಿಂಗಳು ರೊಟ್ಟಿ ಮುರಿಯುವ ಸದ್ದೇ ಇರಲಿಲ್ಲ. ಒಂದು ಬೆಳಿಗ್ಗೆ ಸುಧನ್ವ ಕೆಳಗೆ ಬಂದ. ವಾರಕ್ಕೊಮ್ಮೆ ಸಂಜೆ ಕಾಲು ಗಂಟೆ ಹೊಸ ಕಣ್ಣಿನಲ್ಲಿ ಮುಸುಕಿನಾಕಿಯನ್ನು ನೋಡುವುದಕ್ಕೆ ಮೇಡಂ ಅವನಲ್ಲಿ ಅರ್ಜಿ ಹಾಕಿದ್ದರಂತೆ.

"ನನ್ನ ಹತ್ರ ನೀವು ಅರ್ಜಿ ಹಾಕುದಾ ಮೇಡಂ?" ಎಂದ.

"ಮತ್ಯಾರ ಹತ್ರ ಹಾಕ್ಲಿ? ಈಗ ನೀನ ಮುಖ್ಯಸ್ಥ" ಎಂದರು ಮೇಡಂ.

ನಿನ್ನೆ ಸಂಜೆ ಅವರ ಸರದಿಯಿತ್ತು. ಇವತ್ತು ಬಂದವರು ಮೇಜಿಗೆ ಕೂರಲಿಲ್ಲ. ನೇರ ಕಪಾಟಿಗೆ ಬಂದು ಬಾಗಿಲು ತೆರೆದು, ನನ್ನ ಡಬ್ಬಿಯನ್ನು ಕೈಗೆ ತೆಗೆದುಕೊಂಡು ನಿಂತರು.

"ಚಲೋ ಅದಾಳೋ ಆಕಿ" ಎಂದರು. "ಸಾಯಾಕತ್ತಾಳ ಸಾಯಾಕತ್ತಾಳ ಅಂತ ಜಗತ್ತಿಗೆಲ್ಲಾ ಡಂಗುರ ಸಾರಿದೆ. ಗಟ್ಟಿಮುಟ್ಟ ಅದಾಳ. ನಾವು ಹೋದಮ್ಯಾಲೂ ಲಕ್ಷ ವರ್ಷ ಇರ್ತಾಳ. ಮೊದಲಿಂದ ಶುರು ಮಾಡೇನಿ ನೋಡು. ರಿಟೈರ್ ಆಗೂತನಕಾ ಮಾಡಿದ್ರೂ ಸಾಲೂದಿಲ್ಲ, ಗೊತ್ತೈತಿ."

ಮೂಗು ಒರೆಸಿಕೊಂಡರು. ಡಬ್ಬಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಮೊದಲಿದ್ದ ಕಡೆಯೇ ಇಟ್ಟು ಬಾಗಿಲು ಹಾಕಿದರು. ಕುರ್ಚಿ ಎಳೆದ ಸದ್ದಾಯಿತು, ಆಮೇಲೆ ರೊಟ್ಟಿ ಮುರಿದ ಸದ್ದು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.